ಬಿಡಿ ಹ್ಯಾಂಡ್‌ವಾಶ್ ಕೊಳ್ಳುವ ಮೊದಲು ಕ್ಯಾನನ್ನು ತಿರುಗಿಸಿ ನೋಡಿ

ಕಲಬುರಗಿಯಲ್ಲಿ ಬೋರ್‌ವೆಲ್ ನೀರನ್ನೇ ನಂಬಿರುವ ನಮ್ಮಂಥ ಬಡಾವಣೆಯವರಿಗೆ ಸಾಬೂನು ನೊರೆ ಕಟ್ಟದಿರುವುದು ಹೊಸ ತೊಂದರೆಯಲ್ಲ. ಸವಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಬಿಳಿ ಜಿಡ್ಡಾಗಿ ಬಕೆಟಿನ ಅಂಚಿಗೆ ಅಂಟಿಕೊಳ್ಳುತ್ತವೆ. ಹೀಗಾಗಿ, ಎಂಥ ನೀರಿನಲ್ಲೂ ನೊರೆ ಬರುತ್ತದೆ ಎಂದು ಮನೆಬಾಗಿಲಿಗೆ ಬಂದವನೊಬ್ಬ ಹೇಳಿದ್ದನ್ನು ನಂಬಿ, ಕಳೆದ ಬೇಸಿಗೆಯಲ್ಲಿ 5 ಲೀಟರ್ ಹ್ಯಾಂಡ್‌ವಾಶನ್ನು 200 ರೂಪಾಯಿಗೆ ಕೊಂಡೆ. ಕ್ಯಾನಿನ ಮೇಲೆ ಗುಲಾಬಿಯ ಚಿತ್ರವಿತ್ತೇ ಹೊರತು ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಯಾವುದೂ ಇರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಅದನ್ನು ಗಮನಿಸದೆ ಹೋದದ್ದು ಇಂದಿಗೂ ನೋವು ಕೊಡುತ್ತದೆ.

ಹತ್ತು ದಿನಗಳಲ್ಲಿ ಅವ್ವನ ಬೆರಳ ಸಂದುಗಳು ಕೆಂಪಾಗಿ ಸಿಪ್ಪೆ ಏಳತೊಡಗಿದವು. ಗೆಣ್ಣುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಸೀಳುಗಳು ಬಿದ್ದವು. ಕುದಿದ ಎಸರು ಹಾಕಿ ಜೋಳದ ಹಿಟ್ಟು ನಾದಲು ಕುಳಿತವಳು ಕೈಯಿಟ್ಟೊಡನೆ ಹಿಂದಕ್ಕೆಳೆದುಕೊಂಡಳು. ಮೂರು ವಾರ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಉರಿಬಿಸಿಲಿಗೆ ಕೈ ಒಡೆದಿದೆ ಎಂದುಕೊಂಡ ನಾವು, ಚೆನ್ನಾಗಿ ತೊಳೆದುಕೋ ಅವ್ವ ಎಂದು ಅದೇ ದ್ರವವನ್ನು ಮತ್ತೆ ಮತ್ತೆ ಕೊಟ್ಟೆವು.

ಇದು ಸೋಂಕಲ್ಲ, ತೊಳೆಯುವ ದ್ರವದಿಂದಾದ ಉರಿಯೂತ ಎಂದು ಚರ್ಮರೋಗ ತಜ್ಞರು ಹೇಳಿದ ಮೇಲೆ, ಆಮ್ಲ-ಕ್ಷಾರದ ಮಟ್ಟವನ್ನು ಬಣ್ಣದಿಂದ ತೋರಿಸುವ ಶಾಲೆಯ ಪಿಎಚ್ ಕಾಗದವನ್ನು ಅದರಲ್ಲಿ ಅದ್ದಿ ನೋಡಿದೆ. ಪಿಎಚ್ ಅಂಕಿ 7ನ್ನು ಮೀರಿ ಏರಿದಷ್ಟೂ ಕ್ಷಾರ ಹೆಚ್ಚು. ನಮ್ಮ ಚರ್ಮದ ಪಿಎಚ್ ಸುಮಾರು 5, ಮಾಮೂಲಿ ಸಾಬೂನಿನದು 9ರಿಂದ 10. ಈ ಕಾಗದವಾದರೋ 11ರ ಕಡುನೀಲಿಗೆ ತಿರುಗಿತ್ತು. ಪಾತ್ರೆ ತೊಳೆಯುವ ದ್ರವ ಮಾಡಲು ಆಸಿಡ್ ಸ್ಲರಿ ಎಂಬ ಆಮ್ಲೀಯ ಕಚ್ಚಾವಸ್ತುವಿಗೆ ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರವನ್ನು ಬೆರೆಸುವುದುಂಟು. ಅಳತೆ ತಪ್ಪಿದರೆ ಮಿಕ್ಕ ಕಾಸ್ಟಿಕ್ ಚರ್ಮವನ್ನು ಸುಡುತ್ತದೆ. ಇದರಲ್ಲಿಯೂ ಹಾಗೆಯೇ ಆಗಿರಬಹುದೆಂಬುದು ನನ್ನ ಊಹೆ.

ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕ್ಯಾನ್ಸರ್ ತರುತ್ತದೆಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತಿಗೆ ಆಧಾರವಿಲ್ಲ. ಆದರೆ ಅದು ಚರ್ಮವನ್ನು ಕೆರಳಿಸುವುದು ನಿಜ. ಹಚ್ಚಿ ಬೇಗನೆ ತೊಳೆದುಬಿಡುವ ವಸ್ತುಗಳಲ್ಲಿ ಅದು ಸುರಕ್ಷಿತ, ಮೈಮೇಲೆ ಬಹಳ ಹೊತ್ತು ಉಳಿಯುವಂಥವುಗಳಲ್ಲಿ ಮಾತ್ರ ಶೇಕಡಾ 1ನ್ನು ಮೀರಬಾರದು ಎಂದು ಅಮೆರಿಕದ ತಜ್ಞರ ಸಮಿತಿಯೊಂದು 1983ರಲ್ಲೇ ಹೇಳಿದೆ. ಆದರೆ ಏನನ್ನು ಎಷ್ಟು ಬೆರೆಸಿದ್ದಾರೆಂದೇ ತಿಳಿಸದ ಕ್ಯಾನನ್ನು ನಂಬುವುದಾದರೂ ಹೇಗೆ?

ಅವ್ವನ ಕೈ ಈಗ ವಾಸಿಯಾಗಿದೆ, ಬಲಗೈ ಹೆಬ್ಬೆರಳಿನ ಸೀಳೊಂದನ್ನು ಬಿಟ್ಟು. ಆ ಮಾರಾಟಗಾರ ಪಕ್ಕದ ಬಡಾವಣೆಯಲ್ಲಿ ಇನ್ನೂ ತಿರುಗುತ್ತಿದ್ದಾನೆ. ನಿಮ್ಮ ಬಾಗಿಲಿಗೂ ಬಂದರೆ ಲೈಸೆನ್ಸ್ ಸಂಖ್ಯೆ ಎಲ್ಲಿದೆ ಎಂದು ಕೇಳಿ. ಈಗಾಗಲೇ ಕೊಂಡಿದ್ದರೆ ಇಂದೇ ಅದನ್ನು ಕೈತೊಳೆಯುವ ಜಾಗದಿಂದ ಎತ್ತಿಡಿ.