ವೆಂಟಿಲೇಟರ್ ರೋಗಿಯ ಶ್ವಾಸಕೋಶಕ್ಕೆ ಒಂದು ಕೋಣೆಯ ಮಾದರಿಯೋ, ಎರಡು ಕೋಣೆಯದೋ?

ಪ್ರಾಜೆಕ್ಟ್‌ಗೆ ಈ ಎರಡು ಗಣಿತ ಮಾದರಿಗಳಲ್ಲಿ ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ. ಮೊದಲನೆಯದು ಇಡೀ ಶ್ವಾಸಕೋಶವನ್ನು ಒಂದೇ ಹಿಗ್ಗುವ ಚೀಲದಂತೆ ನೋಡುತ್ತದೆ, ಎರಡನೆಯದು ಎರಡು ಚೀಲಗಳಂತೆ. ಮೊದಲು ನಿಮ್ಮ ಕೈಯಲ್ಲಿ ಯಾವ ಅಳತೆಗಳಿವೆ ನೋಡಿಕೊಳ್ಳಿ.

ಒಂದು ಕೋಣೆಯ ಮಾದರಿಗೆ ವೆಂಟಿಲೇಟರ್ ತೋರಿಸುವ ಒತ್ತಡ, ಹರಿವು ಇಷ್ಟೇ ಸಾಕು. ಉಸಿರು 500 ಮಿ.ಲೀ., ಕಂಪ್ಲಯನ್ಸ್ (ಒತ್ತಡ 1 ಸೆಂ.ಮೀ. ನೀರಿನಷ್ಟು ಏರಿದರೆ ಶ್ವಾಸಕೋಶ ಎಷ್ಟು ಮಿ.ಲೀ. ಹಿಗ್ಗುತ್ತದೆ ಎಂಬ ಅಳತೆ) 50 ಎಂದರೆ ಶ್ವಾಸಕೋಶ ಹಿಗ್ಗಿಸಲು 10 ಸೆಂ.ಮೀ. ನೀರಿನ ಒತ್ತಡ ಬೇಕು. ಸೆಕೆಂಡಿಗೆ ಅರ್ಧ ಲೀಟರ್ ಹರಿವು, ರೆಸಿಸ್ಟೆನ್ಸ್ (ಸೆಕೆಂಡಿಗೆ ಒಂದು ಲೀಟರ್ ಗಾಳಿ ಹರಿಸಲು ಶ್ವಾಸನಾಳಗಳಿಗೆ ಬೇಕಾಗುವ ಒತ್ತಡ) 10 ಇದ್ದರೆ ಇನ್ನೊಂದು 5. ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಉಳಿಸುವ ಒತ್ತಡ) 5 ಸೇರಿಸಿದರೆ ಒಟ್ಟು 20. ಪ್ರತಿ ಉಸಿರಿಗೂ ಈ ಲೆಕ್ಕವನ್ನು ಹೊಸದಾಗಿ ಮಾಡಬಹುದು. ಹಾಸಿಗೆಯ ಪಕ್ಕದಲ್ಲೇ ಉತ್ತರ ಬೇಕಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ರೋಗಿಯ ಶ್ವಾಸಕೋಶದ ಒಂದು ಭಾಗ ಬೇಗ ತುಂಬುತ್ತದೆ, ಇನ್ನೊಂದು ನಿಧಾನ. ಉಸಿರು ಹಿಡಿದು ನಿಲ್ಲಿಸಿದಾಗ ಒತ್ತಡ ಮೆಲ್ಲಗೆ ಇಳಿಯುತ್ತಾ ಹೋಗುವುದನ್ನು ಸರಳ ಮಾದರಿ ತೋರಿಸಲಾರದು. ಅಲ್ಲಿ ಎರಡು ಕೋಣೆ ಬೇಕು; ಓಟಿಸ್ ಮತ್ತು ಸಂಗಡಿಗರು 1956ರಲ್ಲೇ ಇದರ ಗಣಿತ ಬರೆದಿದ್ದಾರೆ. ತೊಂದರೆಯೆಂದರೆ ಪ್ರತಿ ಕೋಣೆಗೂ ಬೇರೆ ಕಂಪ್ಲಯನ್ಸ್, ಬೇರೆ ರೆಸಿಸ್ಟೆನ್ಸ್; ಹಾಗಾಗಿ ಎರಡರ ಬದಲು ನಾಲ್ಕು ಅಜ್ಞಾತಗಳು. ಮಾಮೂಲಿ ದತ್ತಾಂಶದಿಂದ ಅವನ್ನು ಬೇರ್ಪಡಿಸುವುದು ಕಷ್ಟ. ಕಲಿಕೆಗೆ, ಸಿಮ್ಯುಲೇಷನ್‌ಗೆ ಆದರೆ ಇದು ಬಹಳ ಒಳ್ಳೆಯದು.

ರೋಗಿ ತಾನೇ ಉಸಿರೆಳೆಯುತ್ತಿದ್ದರೆ ಎರಡೂ ಮಾದರಿಗಳು ದಾರಿ ತಪ್ಪುತ್ತವೆ. ಆಗ ಸ್ನಾಯುಗಳ ಒತ್ತಡವನ್ನೂ ಸಮೀಕರಣಕ್ಕೆ ಸೇರಿಸಬೇಕು, ಅದನ್ನು ಅಂದಾಜಿಸಲು ಅನ್ನನಾಳಕ್ಕೆ ಇಳಿಸಿದ ಪುಟ್ಟ ಬಲೂನಿನಿಂದ ತೆಗೆಯುವ ಒತ್ತಡದ ಅಳತೆ ಸಿಗುತ್ತದೆಯೇ ವಿಚಾರಿಸಿ.