ಗೊರಕೆಗೆ ಸಿಪ್ಯಾಪ್: ದೀರ್ಘಕಾಲ ಬಳಸಿದ ಮೇಲೆ ಹೇಳಬೇಕೆನಿಸಿದ್ದು

ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹರಿಸಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಯಂತ್ರವನ್ನು ನಾನು 2020ರಿಂದ ಬಳಸುತ್ತಿದ್ದೇನೆ. ಒತ್ತಡವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಆಟೊ ಮಾದರಿ ನನ್ನದು. ಕಂಪನಿಯ ಹೆಸರು ಹೇಳುವುದಿಲ್ಲ. ಇಲ್ಲಿ ಬರೆದಿರುವುದು ಯಾವ ಕಂಪನಿಯ ಯಂತ್ರಕ್ಕಾದರೂ ಹೆಚ್ಚುಕಡಿಮೆ ಅನ್ವಯಿಸುತ್ತದೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ನಾಲಗೆಯ ಬುಡ ಹಿಂದಕ್ಕೆ ಜರುಗಿದಾಗ ಗಾಳಿಯ ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿಗೆ ಮೃದು ಅಂಗುಳ ಮತ್ತು ಕಿರುನಾಲಗೆ ಅದುರುವ ಸದ್ದೇ ಗೊರಕೆ. ದೇಹದ ತೂಕ, ಅಂಗಾತ ಮಲಗುವುದು, ಮಲಗುವ ಮುನ್ನ ಮದ್ಯಪಾನ, ನಿದ್ದೆ ಮಾತ್ರೆ, ಅಲರ್ಜಿಯಿಂದ ಕಟ್ಟಿದ ಮೂಗು, ಹುಟ್ಟಿನಿಂದಲೇ ಚಿಕ್ಕದಾದ ಕೆಳದವಡೆ, ಥೈರಾಯ್ಡ್ ಕೊರತೆ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಮಕ್ಕಳಲ್ಲಾದರೆ ಬಹುಪಾಲು ಊದಿದ ಟಾನ್ಸಿಲ್ ಮತ್ತು ಅಡೆನಾಯ್ಡ್‌ಗಳದೇ ಕಾರುಬಾರು. ನನ್ನನ್ನು ನೋಡಿದ ಇಎನ್‌ಟಿ ವೈದ್ಯರು ಗಂಟಲಿಗೆ ಟಾರ್ಚ್ ಹಾಕುವ ಮೊದಲೇ ಟೇಪಿನಿಂದ ಕುತ್ತಿಗೆಯ ಸುತ್ತಳತೆ ತೆಗೆದುಕೊಂಡರು. ಗಂಡಸರಲ್ಲಿ ಅದು 17 ಅಂಗುಲ ದಾಟಿದರೆ ಬರೀ ಗೊರಕೆಯಲ್ಲದೆ ಉಸಿರೇ ನಿಲ್ಲುವ ಸ್ಲೀಪ್ ಆಪ್ನಿಯಾದ ಅನುಮಾನ ಬಲವಾಗುತ್ತದೆಯಂತೆ.

ಈ ಎರಡರ ವ್ಯತ್ಯಾಸವನ್ನು ನಮ್ಮ ಮನೆಯವರು ವೈದ್ಯರಿಗಿಂತ ಮೊದಲೇ ಗುರುತಿಸಿದ್ದರು. "ನಿಮ್ಮ ಗೊರಕೆ ನನಗೆ ಅಭ್ಯಾಸವಾಗಿದೆ, ಅದು ಇದ್ದಕ್ಕಿದ್ದಂತೆ ನಿಂತಾಗಲೇ ನನಗೆ ಎಚ್ಚರವಾಗೋದು" ಎಂದು ಅವರು ಹೇಳಿದ ಮಾತನ್ನು ವೈದ್ಯರು ಹಾಗೆಯೇ ಚೀಟಿಯಲ್ಲಿ ಬರೆದುಕೊಂಡರು. ಎದೆಗೆ ಪಟ್ಟಿ, ಮೂಗಿಗೆ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ ಕಟ್ಟಿ ಒಂದು ರಾತ್ರಿ ನಡೆಸಿದ ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 34 ಸಲ ಉಸಿರು ನಿಂತಿತ್ತು ಅಥವಾ ಕ್ಷೀಣಿಸಿತ್ತು. ಎಎಚ್‌ಐ ಎಂದು ಕರೆಯುವ ಈ ಅಂಕಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 30 ದಾಟಿದರೆ ತೀವ್ರ. ಈ ಪರೀಕ್ಷೆ ಮಾಡಿಸದೆ ಯಂತ್ರ ಕೊಳ್ಳುವುದು ಹಣ ಪೋಲು ಮಾಡಿದಂತೆ. ಎಎಚ್‌ಐ ಸಹಜವಾಗಿದ್ದು ಬರೀ ಸದ್ದಿನ ತೊಂದರೆಯಿರುವವರು ಪಕ್ಕಕ್ಕೆ ತಿರುಗಿ ಮಲಗುವುದು, ತೂಕ ಇಳಿಸುವುದು, ಮೂಗಿನ ಅಲರ್ಜಿಗೆ ಔಷಧ ತೆಗೆದುಕೊಳ್ಳುವುದು ಇಷ್ಟರಲ್ಲೇ ಸುಧಾರಿಸಿಕೊಳ್ಳಬಹುದು. ಆನ್‌ಲೈನಿನಲ್ಲಿ ಸಿಗುವ ಮೂಗಿನ ಕ್ಲಿಪ್ಪುಗಳು ಹೆಚ್ಚೆಂದರೆ ಮೂಗನ್ನು ತುಸು ಅಗಲಿಸುತ್ತವೆ. ಗಂಟಲಿನಲ್ಲಿ ಕುಸಿಯುವ ದಾರಿಗೂ ಅವುಗಳಿಗೂ ಸಂಬಂಧವಿಲ್ಲ.

ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಅರೆ ಎಚ್ಚರಗೊಳ್ಳುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಬಿ.ಪಿ., ಹೃದಯ ಬಡಿತದ ಏರುಪೇರು, ಪಾರ್ಶ್ವವಾಯು ಇವುಗಳ ಅಪಾಯ ಹೆಚ್ಚುತ್ತದೆ. ನನ್ನ ಮಟ್ಟಿಗೆ ಯಂತ್ರದಿಂದ ಮೊದಲು ಹೋದದ್ದು ಬೆಳಗಿನ ತಲೆನೋವು, ಆಮೇಲೆ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವ ಕಾಟ. ಎರಡನೆಯದಕ್ಕೆ ವಯಸ್ಸೇ ಕಾರಣವೆಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದ್ದೆವು. ಮುಚ್ಚಿದ ಗಂಟಲಿನೊಡನೆ ಎದೆ ಉಸಿರಿಗಾಗಿ ಎಳೆದಾಡುವಾಗ ಹೃದಯದ ಮೇಲೆ ಬೀಳುವ ಎಳೆತದಿಂದ ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುಗಡೆಯಾಗುತ್ತದೆಂದು ವೈದ್ಯರು ವಿವರಿಸಿದ ಮೇಲೆಯೇ ವಿಷಯ ತಿಳಿದದ್ದು. ಸಿಗ್ನಲಿನಲ್ಲಿ ಸ್ಟಿಯರಿಂಗ್ ಹಿಡಿದೇ ತೂಕಡಿಸುವುದೂ ನಿಂತಿದೆ. ಬಿ.ಪಿ. ಮಾತ್ರೆ ಮಾತ್ರ ಮೊದಲಿನಂತೆಯೇ ಮುಂದುವರಿದಿದೆ. ಅದು ನಿಂತೀತೆಂಬ ಆಸೆಯಿಂದ ಯಾರೂ ಇದನ್ನು ಕೊಳ್ಳಬೇಕಾಗಿಲ್ಲ. ಇದು ರೋಗವನ್ನು ಗುಣಪಡಿಸುವುದೂ ಇಲ್ಲ: ಒಂದು ರಾತ್ರಿ ಹಾಕದೆ ಮಲಗಿದರೆ ಗೊರಕೆ ಆ ರಾತ್ರಿಯೇ ಹಾಜರ್.

ಯಂತ್ರಕ್ಕಿಂತ ಮುಖ್ಯವಾದದ್ದು ಮಾಸ್ಕ್. ಮೂಗಿನ ಹೊಳ್ಳೆಗೆ ಮಾತ್ರ ಕೂರುವುದು, ಇಡೀ ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಗಳಿವೆ. ಯಂತ್ರದ ಜೊತೆಗೆ ಬಂದ ಮೂಗಿನ ಮಾಸ್ಕ್ ನನಗೆ ಒಗ್ಗಲಿಲ್ಲ, ಏಕೆಂದರೆ ನಿದ್ದೆಯಲ್ಲಿ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಅಲ್ಲಿಂದ ಹೊರಹೋಗುತ್ತಿತ್ತು. ಮಾರಾಟ ಮಾಡಿದವರು ಯಂತ್ರದ ಒತ್ತಡವನ್ನು ಮತ್ತೆ ಮತ್ತೆ ಬದಲಿಸಿದರೇ ಹೊರತು ಬೇರೆ ಮಾಸ್ಕ್ ಹಾಕಿ ನೋಡಲು ಕೊಡಲಿಲ್ಲ; ಕೊನೆಗೆ ದೊಡ್ಡ ಮಾಸ್ಕನ್ನು ಬೇರೆಯಾಗಿಯೇ ಕೊಂಡೆ. ಅದರಲ್ಲೂ ಪಟ್ಟಿ ಸಡಿಲವಾದರೆ ಮೂಗಿನ ಮೇಲ್ಭಾಗದಿಂದ ಸೋರುವ ಗಾಳಿ ನೇರವಾಗಿ ಕಣ್ಣಿಗೆ ಬಡಿಯುತ್ತದೆ, ಬಿಗಿಯಾದರೆ ಮೂಗಿನ ಏಣಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಗಡ್ಡ ಬಿಟ್ಟವರಿಗೆ ಸೋರಿಕೆ ಇನ್ನೂ ಹೆಚ್ಚು. ಮುಖದ ಜಿಡ್ಡು ಅಂಟಿದ ಸಿಲಿಕಾನ್ ಅಂಚು ಜಾರುವುದರಿಂದ ದಿನಾ ಬೆಳಿಗ್ಗೆ ಸೌಮ್ಯ ಸೋಪಿನಿಂದ ತೊಳೆಯಲೇಬೇಕು. ಈ ಅಂಚನ್ನು, ಕೊಳವೆಯನ್ನು, ಫಿಲ್ಟರನ್ನು ಆಗಾಗ ಬದಲಿಸುವ ಖರ್ಚನ್ನು ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ದೊಡ್ಡ ಊರುಗಳಲ್ಲಿ ಯಂತ್ರ ಬಾಡಿಗೆಗೂ ಸಿಗುತ್ತದೆ, ಒಗ್ಗುತ್ತದೆಯೇ ಎಂದು ನೋಡಿ ಕೊಳ್ಳಬಹುದು.

ಗಾಳಿಗೆ ತೇವ ಕೊಡುವ ತೊಟ್ಟಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ನಲ್ಲಿ ನೀರು ಹಾಕಿದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಡಿಸೆಂಬರಿನ ಚಳಿಯಲ್ಲಿ ಆ ತೇವವೇ ಕೊಳವೆಯೊಳಗೆ ಹನಿಗಟ್ಟಿ ಮೂಗಿಗೆ ಬರುತ್ತದೆ, ಕೊಳವೆಯನ್ನು ಹೊದಿಕೆಯೊಳಗೆ ಎಳೆದುಕೊಂಡರೆ ತಡೆಯಬಹುದು. ಕರೆಂಟು ಹೋದರೆ ಯಂತ್ರವೂ ನಿಲ್ಲುವುದರಿಂದ ಇನ್ವರ್ಟರ್ ಬೇಕು; ತೊಟ್ಟಿಯ ಹೀಟರ್ ಆರಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ವಿಮಾನದಲ್ಲಿ ಇದನ್ನು ಕೈಚೀಲದಲ್ಲೇ ಒಯ್ಯುತ್ತೇನೆ, ತೊಟ್ಟಿಯ ನೀರು ಚೆಲ್ಲಿದ ಮೇಲೆ. ರೈಲಿನಲ್ಲಿ ಮಾತ್ರ ರಾತ್ರಿ ಹೊತ್ತು ಚಾರ್ಜಿಂಗ್ ಪ್ಲಗ್ಗಿನಲ್ಲಿ ಕರೆಂಟು ಇರುತ್ತದೆಂದು ನಂಬುವಂತಿಲ್ಲ, ಹಾಗಾಗಿ ಆ ರಾತ್ರಿಗಳಲ್ಲಿ ಬರ್ತಿನ ಗೋಡೆಗೆ ಮುಖ ಮಾಡಿ ಪಕ್ಕಕ್ಕೆ ಮಲಗುತ್ತೇನೆ.