‘ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ’ ಅಂದವರೇ ಕೊನೆಗೆ ವಾರಂಟಿ ಇಲ್ಲ ಅಂದರು: ಫೋನ್ ಅನ್‌ಲಾಕ್ ಮಾಡುವ ಮುಂಚೆ ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಫೋನ್ ಇನ್ನೂ ವಾರಂಟಿಯಲ್ಲಿದ್ದರೆ ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಮೊದಲು ಓಡಿ, ಕಂಪನಿಯದಲ್ಲದ ಸಾಫ್ಟ್‌ವೇರನ್ನು ತಡೆಯುವ ಪ್ರೋಗ್ರಾಂ) ಅನ್‌ಲಾಕ್ ಮಾಡಬೇಡಿ. ಕಂಪನಿಯವರೇ ಅನುಮತಿ ಕೊಟ್ಟರೂ ಮಾಡಬೇಡಿ. ಅವರೇ ಕೊಟ್ಟಿದ್ದಾರೆ ಅಲ್ವಾ, ಇನ್ನೇನು ಭಯ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲೇ ನಾನು ಎಡವಿದ್ದು.

ಎರಡು ವಾರದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಸಿಟ್ಟು ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಮನೆಯಲ್ಲಿ ಯಾರ ಫೋನಿಗೆ ಏನೇ ಆದರೂ ನನ್ನ ಹತ್ತಿರ ತರುತ್ತಾರೆ. ಅಂಥವಳೇ ಮೋಸ ಹೋದೆ ಅಂತ ಹೇಳಿಕೊಳ್ಳುವುದು ಸುಲಭ ಅಲ್ಲ. ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರು ಆ ಕೌಂಟರ್ ಮುಂದೆ ನನ್ನ ಹಾಗೆ ನಿಲ್ಲುವುದು ಬೇಡ.

ಈ ಫೋನ್ ತಗೊಂಡಿದ್ದೇ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಅನ್ನುವ ಕಾರಣಕ್ಕೆ. ಜಾಹೀರಾತಿನಲ್ಲೂ ಅದೇ ಮಾತು, ಮಾರಿದವನ ಬಾಯಲ್ಲೂ ಅದೇ ಮಾತು. “ಇದು ಪೂರ್ತಿ ನಿಮ್ಮ ಫೋನ್ ಮೇಡಂ, ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ.” ಈ ಮಾತು ನೆನಪಿರಲಿ, ಆಮೇಲೆ ಮತ್ತೆ ಬರುತ್ತದೆ.

ಒಳ್ಳೆಯದನ್ನು ಒಳ್ಳೆಯದು ಅಂತಲೇ ಹೇಳಬೇಕು. ಮೊದಲ ತಿಂಗಳು ನನಗೆ ಆ ಫೋನ್ ಅಂದ್ರೆ ಪ್ರಾಣ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದಾಗಿನಿಂದ ಈ ಸ್ವಾತಂತ್ರ್ಯವೇ ಅದರ ದೊಡ್ಡ ಬಲ. ಐಫೋನ್ ಹೋಮ್ ಸ್ಕ್ರೀನಿನಲ್ಲಿ ಐಕಾನನ್ನು ಬೇಕಾದ ಖಾಲಿ ಜಾಗದಲ್ಲಿ ಇಡೋಕೆ 2024ರ ಐಓಎಸ್ 18ರ ತನಕ ಕಾಯಬೇಕಾಯಿತು. ಇಲ್ಲಿ ಹಾಗಲ್ಲ. ಲಾಂಚರ್, ಅಂದ್ರೆ ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್, ಬೇಡವಾದರೆ ಇನ್ನೊಂದು ಹಾಕಿಕೊಳ್ಳಬಹುದು. ಹೆಬ್ಬೆರಳಿಗೆ ಸಿಗುವ ಕಡೆಗೆ ಎಲ್ಲ ಐಕಾನ್ ಇಳಿಸಿಕೊಂಡೆ. ಅಕ್ಷರ ದೊಡ್ಡದು ಮಾಡಿಕೊಂಡೆ. ವಾಲ್‌ಪೇಪರ್ ಬದಲಿಸಿದರೆ ಮೆನು, ಬಟನ್‌ಗಳ ಬಣ್ಣವೂ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಒಂದೇ ಕೊರತೆ, ಥೀಮಿನ ಜೊತೆ ಬರುವ ಫಾಂಟ್ ಹಾಕಿದರೆ ಇಂಗ್ಲಿಷ್ ಅಕ್ಷರ ಮಾತ್ರ ಬದಲಾಗುತ್ತಿತ್ತು, ಕನ್ನಡ ಹಾಗೇ ಉಳಿಯುತ್ತಿತ್ತು. ಇರಲಿ, ಅದಕ್ಕೆ ಜಗಳ ಆಡುವವಳಲ್ಲ ನಾನು.

ನೋವಾಗಿದ್ದು ಬೇರೆ ವಿಷಯಕ್ಕೆ. ಲಾಕ್ ಸ್ಕ್ರೀನಿನ ಮೇಲೆ ಜಾಹೀರಾತು. ನಾನು ಕೇಳದೇ ಇದ್ದ ಆ್ಯಪ್‌ಗಳು ಒಂದು ರಾಶಿ. ಕೆಲವನ್ನು ತೆಗೆಯೋಕೆ ಆಗುವುದಿಲ್ಲ, ‘ಡಿಸೇಬಲ್’ ಮಾತ್ರ ಮಾಡಬಹುದು. ಕೆಲವಕ್ಕೆ ಅದೂ ಇಲ್ಲ. ಬಣ್ಣ ನನ್ನ ಇಷ್ಟ, ಐಕಾನ್ ನನ್ನ ಇಷ್ಟ, ಆದರೆ ಬೇಡದ ಆ್ಯಪ್ ತೆಗೆಯುವ ಹಕ್ಕು ನನಗಿಲ್ಲ. ಹಾಗಾದರೆ ಪೂರ್ತಿ ನನ್ನ ಫೋನ್ ಹೇಗಾಯಿತು?

ಅದಕ್ಕೇ ಅನ್‌ಲಾಕ್ ಮಾಡಿದೆ. ಕದ್ದು ಮುಚ್ಚಿ ಮಾಡಲಿಲ್ಲ. ಕಂಪನಿಯ ಖಾತೆಯಿಂದಲೇ ಅರ್ಜಿ ಹಾಕಿದೆ. ಕಾಯಿರಿ ಅಂದರು, ಕಾಯ್ದೆ. ಅವರದೇ ಅನುಮತಿ ಬಂತು. ಅನ್‌ಲಾಕ್ ಆದ ಕೂಡಲೇ ಫೋನಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದು ಸುರಕ್ಷತೆಗೆ ಮಾಡಿದ ವ್ಯವಸ್ಥೆ, ನನಗೆ ಗೊತ್ತಿತ್ತು. ಫೋಟೋ ಎಲ್ಲ ಮೊದಲೇ ತೆಗೆದಿಟ್ಟಿದ್ದೆ. ಹೊಸ ಸಾಫ್ಟ್‌ವೇರ್ ಹಾಕಿದೆ. ಫೋನ್ ಹಗುರವಾಯಿತು, ಜಾಹೀರಾತು ಹೋಯಿತು. ಎರಡು ದಿನ ಖುಷಿಯೋ ಖುಷಿ.

ಮೂರನೇ ದಿನ ಬ್ಯಾಂಕಿನ ಆ್ಯಪ್ ತೆರೆದೆ. ಈ ಸಾಧನ ಸುರಕ್ಷಿತ ಅಲ್ಲ ಅಂತ ಹೇಳಿ ತಾನೇ ಮುಚ್ಚಿಕೊಂಡಿತು. ಇದು ಬ್ಯಾಂಕಿನ ತಪ್ಪಲ್ಲ. ಇಂಥ ಎಷ್ಟೋ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಮೂಲಕ ಫೋನನ್ನು ಪರೀಕ್ಷೆ ಮಾಡುತ್ತವೆ, ಅನ್‌ಲಾಕ್ ಆದ ಫೋನ್ ಅದರಲ್ಲಿ ಪಾಸಾಗುವುದು ಕಷ್ಟ. ಎಷ್ಟೋ ಫೋನ್‌ಗಳಲ್ಲಿ ಸಿನಿಮಾ ಆ್ಯಪ್‌ಗಳೂ ಎಚ್‌ಡಿ ಬಿಟ್ಟು ಮಬ್ಬು ಚಿತ್ರ ತೋರಿಸಲು ಶುರು ಮಾಡುತ್ತವೆ. ಇದನ್ನು ಅರ್ಜಿ ಹಾಕುವಾಗ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ಸರಿ, ಅದನ್ನೂ ಸಹಿಸಿಕೊಂಡೆ. ಆಮೇಲೆ ಟಚ್ ಹೋಯಿತು.

ಪೂರ್ತಿ ಹೋಗಲಿಲ್ಲ. ಸ್ಕ್ರೀನಿನ ಕೆಳಭಾಗದಲ್ಲಿ ಒಂದು ಬೆರಳಗಲದ ಪಟ್ಟಿ, ಎಡದಿಂದ ಬಲಕ್ಕೆ, ಅಲ್ಲಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಕೀಬೋರ್ಡ್ ತೆರೆದರೆ ಸರಿಯಾಗಿ ಅದರ ನಡುವಿನ ಅಕ್ಷರಗಳ ಸಾಲು ಅಲ್ಲಿ ಬರುತ್ತದೆ. ನಾನು ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಲಿ ವಿನ್ಯಾಸ ಬಳಸುವವಳು. ಒತ್ತಕ್ಷರಕ್ಕೆ ಬೇಕಾದ ‘್’ ಇರುವುದು ಆ ಸಾಲಿನಲ್ಲೇ. ‘ನಮ್ಮ’ ಅಂತ ಬರೆಯೋಕೆ ಹೋದರೆ ‘ನಮಮ’ ಅಂತ ಬರುತ್ತಿತ್ತು. ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ. ನಮಮ. ಮತ್ತೆ ನಮಮ.

ನನ್ನ ಸಾಫ್ಟ್‌ವೇರಿನದೇ ತಪ್ಪಿರಬಹುದು ಅಂತ ಕಂಪನಿಯ ಮೂಲ ಸಾಫ್ಟ್‌ವೇರನ್ನೇ ಮತ್ತೆ ಹಾಕಿ ನೋಡಿದೆ. ಪಟ್ಟಿ ಹಾಗೇ ಇತ್ತು. ಸೆಟ್ಟಿಂಗ್ಸ್‌ನ ಡೆವಲಪರ್ ಆಯ್ಕೆಗಳಲ್ಲಿ ‘ಪಾಯಿಂಟರ್ ಲೊಕೇಶನ್’ ಅಂತ ಒಂದಿದೆ (ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಆ ಮೆನು ತೆರೆಯುತ್ತದೆ). ಅದನ್ನು ಆನ್ ಮಾಡಿ ಮೇಲಿಂದ ಕೆಳಗೆ ಬೆರಳು ಎಳೆದರೆ ಗೆರೆ ಮೂಡುತ್ತದೆ. ನನ್ನ ಗೆರೆಗಳೆಲ್ಲ ಅದೇ ಜಾಗದಲ್ಲಿ ತುಂಡಾಗುತ್ತಿದ್ದವು. ಈ ಟಚ್ ಸ್ಕ್ರೀನಿನ ಒಳಗೆ ಕಣ್ಣಿಗೆ ಕಾಣದ ತಂತುಗಳು ಅಡ್ಡ, ಉದ್ದ ಹೆಣೆದಿರುತ್ತವೆ. ಬೆರಳು ತಾಗಿದಾಗ ಅಲ್ಲಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಫೋನ್ ಗುರುತಿಸುತ್ತದೆ. ಒಂದು ಸಾಲು ಕೆಟ್ಟರೆ ಹೀಗೇ ಒಂದು ಪಟ್ಟಿ ಸಾಯುತ್ತದೆ. ಬಿದ್ದಿಲ್ಲ, ನೆಂದಿಲ್ಲ, ಒಂದು ಗೀರೂ ಇಲ್ಲ.

ವಿಡಿಯೋ ಮಾಡಿಕೊಂಡು ಸರ್ವಿಸ್ ಸೆಂಟರ್‌ಗೆ ಹೋದೆ. ಹುಡುಗ ಫೋನ್ ತಗೊಂಡ, ರೀಸ್ಟಾರ್ಟ್ ಮಾಡಿದ. ಅನ್‌ಲಾಕ್ ಆದ ಫೋನ್ ಆನ್ ಆಗುವಾಗ ಒಂದು ಎಚ್ಚರಿಕೆ ತೋರಿಸುತ್ತದೆ. ಅದು ಬಂದ ಕೂಡಲೇ ಅವನ ಕೈ ನಿಂತಿತು. ಫೋನನ್ನು ನನ್ನ ಕಡೆ ತಿರುಗಿಸಿದ. “ಇದು ಯಾರು ಮಾಡಿಕೊಟ್ಟಿದ್ದು ಮೇಡಂ?”

ನಾನೇ ಮಾಡಿದ್ದು ಅಂದೆ. ಅವನು ಪಕ್ಕದವನ ಮುಖ ನೋಡಿದ. “ವಾರಂಟಿ ಹೋಯ್ತು ಮೇಡಂ.”

ಟಚ್ ಅಂತೂ ಅವನು ಮುಟ್ಟಿಯೂ ನೋಡಲಿಲ್ಲ. ವಿಡಿಯೋ ತೋರಿಸಿದೆ, ನೋಡಲಿಲ್ಲ. ಮೂಲ ಸಾಫ್ಟ್‌ವೇರೇ ಇದೆ ಅಂದೆ, ಕೇಳಲಿಲ್ಲ. “ಸಾಫ್ಟ್‌ವೇರಿಂದ ಟಚ್ ಹೋಗುತ್ತೆ ಮೇಡಂ” ಅಂದ. ಹೇಗೆ ಅಂತ ಕೇಳಿದೆ. “ಹೋಗುತ್ತೆ” ಅಂದ. ಅಷ್ಟೇ ಉತ್ತರ. ಅನುಮತಿ ಕೊಟ್ಟಿದ್ದು ನಿಮ್ಮ ಕಂಪನಿಯೇ ಅಂತ ಆ ಮೆಸೇಜ್ ತೋರಿಸಿದೆ. ಆಗ ಒಳಗಿಂದ ಮ್ಯಾನೇಜರ್ ಬಂದರು. ಜಾಹೀರಾತಿನ ಮಾತನ್ನು ಅವರಿಗೂ ಹೇಳಿದೆ. ಅವರು ಕೊಟ್ಟ ಉತ್ತರ ಅಕ್ಷರಕ್ಕೆ ಅಕ್ಷರ ನೆನಪಿದೆ.

“ಹೇಗೆ ಬೇಕೋ ಹಾಗೆ ಅಂದ್ರೆ ಥೀಮು, ವಾಲ್‌ಪೇಪರ್ ಮೇಡಂ. ಫೋನ್ ಅಲ್ಲ.”

ನನ್ನ ಹಿಂದೆ ನಾಲ್ಕೈದು ಜನ ಸಾಲಿನಲ್ಲಿ ನಿಂತಿದ್ದರು. ಯಾರೋ ನಕ್ಕರು. ಕಿವಿ ಬಿಸಿಯಾಯಿತು. ಏನು ಹೇಳಬೇಕೋ ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಫೋನ್ ತಗೊಂಡು ಹೊರಗೆ ಬಂದುಬಿಟ್ಟೆ. ಬರಬಾರದಿತ್ತು. ವಾರಂಟಿ ಇಲ್ಲ ಅನ್ನುವುದನ್ನು ಕಾರಣದ ಸಮೇತ ಬರೆದುಕೊಡಿ ಅಂತ ಅಲ್ಲೇ ಕೇಳಬೇಕಿತ್ತು. ಈಗಲೂ ಅದೇ ಬೇಜಾರು.

ಮನೆಗೆ ಬಂದು ಮೇಲ್ ಕಳಿಸಿದೆ. “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಅಂತ ಉತ್ತರ. ಯಾವ ಭಾಗ ಕೆಟ್ಟಿದೆ ಅಂತ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿದೆ. ಅದೇ ವಿಷಾದ. ಅನುಮತಿ ಕೊಟ್ಟಿದ್ದು ನೀವೇ ಅಲ್ವಾ ಅಂತ ಕೇಳಿದೆ. ಷರತ್ತುಗಳನ್ನು ಓದಿ ಅಂದರು. ಓದಿದೆ. ಉದ್ದದ ಆ ಬರಹದಲ್ಲಿ, ವಾರಂಟಿಗೆ ತೊಂದರೆ ‘ಆಗಬಹುದು’ ಅಂತ ಒಂದೇ ಒಂದು ಸಾಲು. ಆಗಬಹುದು ಅಂತ! ಕೌಂಟರಿನಲ್ಲಿ ಮಾತ್ರ ಅದು ‘ಹೋಯ್ತು’. ಪರೀಕ್ಷೆಯೂ ಇಲ್ಲ, ವಿಚಾರಣೆಯೂ ಇಲ್ಲ.

ನಿಮಗೆ ಹೇಳುವುದು ಇಷ್ಟೇ. ಲಾಂಚರ್, ಐಕಾನ್, ವಿಜೆಟ್, ಬಣ್ಣ ಎಷ್ಟು ಬೇಕಾದರೂ ಬದಲಾಯಿಸಿ, ಅದರಿಂದ ತೊಂದರೆ ಇಲ್ಲ. ಥೀಮ್ ಆ್ಯಪ್ ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಮಾತ್ರ ಕೊಡಬೇಡಿ, ಅದು ಸ್ಕ್ರೀನಿನಲ್ಲಿ ಇರುವುದನ್ನು ಓದಬಲ್ಲದು. ಬೂಟ್‌ಲೋಡರ್ ಮುಟ್ಟಲೇಬೇಕು ಅಂದರೆ ವಾರಂಟಿ ಮುಗಿಯಲಿ, ಇಲ್ಲವೇ ಹಾರ್ಡ್‌ವೇರ್ ಕೆಟ್ಟರೆ ಏನು ಮಾಡುತ್ತೀರಿ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಬೇರೆ ಸಾಫ್ಟ್‌ವೇರ್ ಇರುವಾಗ ಮತ್ತೆ ಲಾಕ್ ಮಾಡೋಕೆ ಹೋಗಬೇಡಿ, ಫೋನ್ ಆನ್ ಆಗದೇ ಹೋಗಬಹುದು. ಮಾರುವವರ ಬಾಯಿಮಾತು ನಂಬಬೇಡಿ. ನಾನು ನಂಬಿದೆ.

ಇದನ್ನು ಬರೆಯುತ್ತಿರುವುದೂ ಅದೇ ಫೋನಿನಲ್ಲಿ. ಕೀಬೋರ್ಡನ್ನು ಜಾಗದಿಂದ ಬಿಡಿಸಿ, ಆ ಸತ್ತ ಪಟ್ಟಿಯ ಮೇಲಕ್ಕೆ ಸರಿಸಿಕೊಂಡಿದ್ದೇನೆ. ಅರ್ಧ ಸ್ಕ್ರೀನ್ ಮುಚ್ಚಿಹೋಗಿದೆ, ಆದರೆ ‘ನಮ್ಮ’ ಅಂತ ಬರೆಯೋಕೆ ಆಗುತ್ತಿದೆ. ನಾಲ್ಕನೇ ಮೇಲ್ ನಿನ್ನೆ ಕಳಿಸಿದೆ. ಇವತ್ತು ಬೆಳಿಗ್ಗೆ ಉತ್ತರ ಬಂತು. ವಿಷಾದಿಸುತ್ತಾರಂತೆ.